ಮಗಳ ಹೆಸರು ಸರ್ಕಾರದ ಪುಸ್ತಕಕ್ಕೆ ಹತ್ತಿದರೆ…

*ಮೇಡಂ, ನಮ್ಮದು ತುಮಕೂರಿನ ಅಂತರಸನಹಳ್ಳಿ. ಮನೆಯವರು ಇಲ್ಲೇ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ನಾನು ಬೆಳಗಿನ ಜಾವ ತರಕಾರಿ ಮಾರ್ಕೆಟ್‌ನಲ್ಲಿ ಸೊಪ್ಪು ಹಿಡಿದು ಬೀದಿಗಳಲ್ಲಿ ಮಾರುತ್ತೇನೆ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹತ್ತನೇ ಕ್ಲಾಸು. ಚಿಕ್ಕವಳಿಗೆ ಏಳು ವರ್ಷ. ಹುಟ್ಟಿದಾಗ ತಡವಾಗಿ ಅತ್ತಳು. ನಡೆದದ್ದು ಎರಡೂವರೆ ವರ್ಷಕ್ಕೆ. ಈಗಲೂ ನಾಲ್ಕೈದು ಮಾತು ಬಿಟ್ಟರೆ ಹೆಚ್ಚು ಆಡುವುದಿಲ್ಲ. ಕೆಲವು ಸಲ ಚಡ್ಡಿಯಲ್ಲೇ ಮಾಡಿಕೊಳ್ಳುತ್ತಾಳೆ. ಸ್ಕೂಲಿನ ಟೀಚರ್ ಒಳ್ಳೆಯವರು. ಅಂಗವಿಕಲ ಸರ್ಟಿಫಿಕೇಟ್ ಮಾಡಿಸಿ, ಅನುಕೂಲ ಸಿಗುತ್ತದೆ ಎಂದರು. ನಮ್ಮ ಅತ್ತೆ ಮಾತ್ರ ಒಪ್ಪುತ್ತಿಲ್ಲ. ಅವರು ನನಗೆ ಸ್ವಂತ ಸೋದರತ್ತೆ. ಸರ್ಕಾರದ ಪುಸ್ತಕಕ್ಕೆ ಹೆಸರು ಹತ್ತಿದರೆ ದೊಡ್ಡವಳಿಗೆ ಗಂಡು ಸಿಗುವುದಿಲ್ಲ, ದೊಡ್ಡವಳಾದರೆ ಮಾತು ಬರುತ್ತದೆ, ಸುಮ್ಮನಿರಿ ಎನ್ನುತ್ತಾರೆ. ಒಬ್ಬರು ಏಜೆಂಟ್ ಐದು ಸಾವಿರ ಕೊಟ್ಟರೆ ಶೇ 75 ಹಾಕಿಸಿ ತಿಂಗಳ ಪೆನ್ಷನ್ ಮಾಡಿಸಿಕೊಡುತ್ತೇನೆ ಎಂದು ಆಧಾರ್ ಜೆರಾಕ್ಸ್ ತೆಗೆದುಕೊಂಡಿದ್ದಾರೆ. ದುಡ್ಡು ಇನ್ನೂ ಕೊಟ್ಟಿಲ್ಲ. ಮಾಡಿಸಲೋ ಬೇಡವೋ? ಮಾಡಿಸಿದರೆ ಏನು ಸಿಗುತ್ತದೆ? ಎಲ್ಲಿಗೆ ಹೋಗಬೇಕು? ನನಗೆ ಏನೂ ತೋಚುತ್ತಿಲ್ಲ. ಹೆಸರು ಹಾಕಬೇಡಿ.*

ಮಾಡಿಸಿ ತಾಯಿ. ದುಡ್ಡು ಕೊಡಬೇಡಿ. ಅದಕ್ಕೂ ಮೊದಲು ಮಗಳ ಕಿವಿ ಪರೀಕ್ಷೆ ಮಾಡಿಸಿ.

ಸರ್ಟಿಫಿಕೇಟ್ ಕೇಳಿದರೆ ಕಿವಿಯ ಮಾತು ಯಾಕೆ ಎನ್ನಿಸಬಹುದು. ಮಾತು ಬಾರದ ಮಗುವನ್ನು ಬುದ್ಧಿ ಸಾಲದ ಮಗು ಎಂದು ತಿಳಿದುಬಿಡುವುದು ಸುಲಭ. ಕಿವಿ ಸರಿಯಾಗಿ ಕೇಳಿಸದ ಮಕ್ಕಳೂ ಮಾತಾಡುವುದಿಲ್ಲ, ಪಾಠ ಹಿಡಿಯುವುದಿಲ್ಲ, ಕರೆದರೆ ತಿರುಗುವುದಿಲ್ಲ. ಥೈರಾಯ್ಡ್ ಹಾರ್ಮೋನ್ ಕಡಿಮೆ ಇರುವ ಮಕ್ಕಳ ಬೆಳವಣಿಗೆಯೂ ಹಿಂದೆ ಬೀಳುತ್ತದೆ. ಕಣ್ಣು ಬಿಟ್ಟುಕೊಂಡೇ ಕೆಲವು ಕ್ಷಣ ಮಂಕಾಗಿ ನಿಂತುಬಿಡುವ ಒಂದು ಬಗೆಯ ಫಿಟ್ಸ್ ಇದೆ. ಅದು ಮನೆಯವರ ಗಮನಕ್ಕೇ ಬಾರದೆ ವರ್ಷಗಟ್ಟಲೆ ಕಲಿಕೆಯನ್ನು ಕೆಡಿಸಬಲ್ಲದು. ಇವೆಲ್ಲಕ್ಕೂ ಚಿಕಿತ್ಸೆಯೋ ಸಾಧನವೋ ಉಂಟು. ನಿಮ್ಮ ಮಗಳು ನಡೆದದ್ದೂ ತಡ, ಶೌಚದ ಹಿಡಿತವೂ ಇನ್ನೂ ಪೂರ್ತಿ ಬಂದಿಲ್ಲ ಎಂದು ಬರೆದಿದ್ದೀರಿ. ಹಾಗಾಗಿ ಕಿವಿಯೊಂದೇ ಕಾರಣ ಇರಲಾರದು. ಆದರೂ ಅದೂ ಜೊತೆಯಲ್ಲಿದ್ದರೆ ಈಗಲೇ ಗೊತ್ತಾಗಬೇಕು.

ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಿ ಮೊದಲು ಮಕ್ಕಳ ತಜ್ಞರನ್ನು ಕಾಣಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂದು 2013ರಲ್ಲಿ ಶುರುವಾದ ಯೋಜನೆಯೊಂದಿದೆ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ವೈದ್ಯರ ತಂಡ ಬಂದು ಮಕ್ಕಳನ್ನು ನೋಡಿ ಹೋಗುವುದು ಇದರಡಿಯಲ್ಲೇ. ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಬೆಳವಣಿಗೆಯ ತೊಂದರೆ ಕಂಡರೆ ಮುಂದಿನ ಪರೀಕ್ಷೆಗೆ ಕಳಿಸಿಕೊಡುವುದೂ ಆ ತಂಡದ ಕೆಲಸ. ಶಾಲೆಗೆ ತಂಡ ಬಂದಾಗ ಮಗಳನ್ನು ತೋರಿಸಿದ್ದರೆ ಆ ಚೀಟಿ ಇರುತ್ತದೆ, ಟೀಚರ್ ಹತ್ತಿರ ಕೇಳಿ. ಇಲ್ಲದಿದ್ದರೂ ಚಿಂತೆಯಿಲ್ಲ, ನೀವೇ ನೇರವಾಗಿ ಹೋಗಬಹುದು. ಕಿವಿಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಪರೀಕ್ಷೆ ಬೇಕು ಎಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತಿನ ತರಬೇತಿಯನ್ನು ಮನೆಯಲ್ಲಿ ಹೇಗೆ ಮುಂದುವರಿಸಬೇಕು ಎಂಬುದನ್ನೂ ತಾಯಂದಿರಿಗೆ ಅಲ್ಲಿ ಹೇಳಿಕೊಡುತ್ತಾರೆ.

ಹೋಗುವಾಗ ತಾಯಿ ಕಾರ್ಡ್, ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಅಂಗನವಾಡಿಯ ತೂಕದ ಕಾರ್ಡ್, ಇವುಗಳಲ್ಲಿ ಸಿಕ್ಕಿದ್ದನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಿ. ತಡವಾಗಿ ಅತ್ತಳು ಎಂಬ ನಿಮ್ಮ ಒಂದು ಸಾಲು ವೈದ್ಯರಿಗೆ ಬಹಳ ಮುಖ್ಯ. ಹುಟ್ಟುವಾಗ ಮಿದುಳಿಗೆ ಆಮ್ಲಜನಕ ಸಾಲದೆ ಹೋದದ್ದು ಇಂಥ ಹಿನ್ನಡೆಗೆ ಗೊತ್ತಿರುವ ಕಾರಣಗಳಲ್ಲಿ ಒಂದು.

ಈಗ ಸರ್ಟಿಫಿಕೇಟಿನ ವಿಷಯ. ದೇಶದಲ್ಲಿ ಈಗ ಜಾರಿಯಲ್ಲಿರುವುದು ವಿಕಲಚೇತನರ ಹಕ್ಕುಗಳ ಕಾಯ್ದೆ, 2016. ಹಿಂದಿನ 1995ರ ಕಾನೂನಿನಲ್ಲಿ ಏಳು ಬಗೆಯ ವಿಕಲತೆಗಳಷ್ಟೇ ಇದ್ದವು, ಈಗ ಇಪ್ಪತ್ತೊಂದು. ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಕಲಿಕಾ ನ್ಯೂನತೆ ಎಲ್ಲವೂ ಪಟ್ಟಿಯಲ್ಲಿವೆ. ನಿಮ್ಮ ಮಗಳದ್ದು ಬೌದ್ಧಿಕ ವಿಕಲತೆಯೋ ಆಟಿಸಮ್ಮೋ ಎರಡೂ ಸೇರಿದ್ದೋ ಎಂದು ಹೇಳಬೇಕಾದವರು ಅವಳನ್ನು ಕಣ್ಣಾರೆ ಕಂಡವರು. ನಾನು ಕಾಗದ ನೋಡಿ ಹೇಳುವುದು ತಪ್ಪಾಗುತ್ತದೆ.

ಶೇಕಡಾ ಲೆಕ್ಕದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಏಜೆಂಟ್ ನಿಮಗೆ ಮಾರುತ್ತಿರುವುದು ಅದನ್ನೇ. ಕೈಕಾಲಿನ ವಿಕಲತೆಯಲ್ಲಿ ಶೇ 43, ಶೇ 62 ಎಂಬಂಥ ಅಂಕಿ ಬರಬಹುದು. ಬೌದ್ಧಿಕ ವಿಕಲತೆಯಲ್ಲಿ ಹಾಗಲ್ಲ, ಅದು ಮೆಟ್ಟಿಲಿನ ಹಾಗೆ. ಮನಶ್ಶಾಸ್ತ್ರಜ್ಞರು ಮಗುವನ್ನು ಪರೀಕ್ಷಿಸಿ, ಮನೆಯವರನ್ನು ವಿಚಾರಿಸಿ ಒಂದು ಮಟ್ಟ ಗುರುತಿಸುತ್ತಾರೆ. ಗಡಿಯಂಚಿನದ್ದಾದರೆ ಶೇ 25, ಸೌಮ್ಯವಾದರೆ ಶೇ 50, ಮಧ್ಯಮವಾದರೆ ಶೇ 75, ತೀವ್ರವಾದರೆ ಶೇ 90, ಅತಿ ತೀವ್ರವಾದರೆ ಶೇ 100. ಕಾಯ್ದೆಯ ಮುಖ್ಯ ಸವಲತ್ತುಗಳಿಗೆ ಬೇಕಾದದ್ದು ಶೇ 40. ಅಂದರೆ ಸೌಮ್ಯ ಎಂದು ಬಂದರೂ ನಿಮ್ಮ ಮಗಳು ಆ ಗೆರೆಯ ಮೇಲೆಯೇ ಇರುತ್ತಾಳೆ. ನಿಮ್ಮ ಕಾಗದದಲ್ಲಿರುವಷ್ಟು ಹಿನ್ನಡೆ ಪರೀಕ್ಷೆಯಲ್ಲೂ ಕಂಡರೆ ಆ ಗೆರೆ ದಾಟಲು ಯಾರ ಕೈಗೂ ಐದು ಸಾವಿರ ಇಡಬೇಕಾಗಿಲ್ಲ.

ಇಲ್ಲದ ಅಂಕಿಯನ್ನು ಹಾಕಿಸಿಕೊಳ್ಳುವುದು ಅಪರಾಧ ಕೂಡ. ಮೋಸದಿಂದ ವಿಕಲಚೇತನರ ಸವಲತ್ತು ಪಡೆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಎಂದು ಇದೇ ಕಾಯ್ದೆಯ 91ನೇ ಕಲಂ ಹೇಳುತ್ತದೆ. ಸಿಕ್ಕಿಬೀಳುವುದು ಅರ್ಜಿಯಲ್ಲಿ ಹೆಸರಿರುವವರು. ನನಗೆ ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಶೇ 50ರ ಮಗುವಿಗೆ ಶೇ 90 ಎಂದು ಬರೆಸಿಟ್ಟರೆ, ನಾಳೆ ಆ ಕಾಗದ ನೋಡುವ ಪ್ರತಿಯೊಬ್ಬ ಶಿಕ್ಷಕಿ, ಪ್ರತಿಯೊಬ್ಬ ತರಬೇತುದಾರ, ಕೆಲಸ ಕೊಡುವ ಪ್ರತಿಯೊಬ್ಬರೂ ಇವಳಿಂದ ಏನೂ ಆಗದು ಎಂದೇ ಶುರು ಮಾಡುತ್ತಾರೆ. ಮಗಳ ನಿಜವಾದ ಮಟ್ಟ ಕಾಗದದಲ್ಲಿರಲಿ. ಅವಳಿಗೆ ಏನು ಕಲಿಸಬೇಕೆಂದು ತಿಳಿಯುವುದು ಅದರಿಂದಲೇ.

ಆಧಾರ್ ಜೆರಾಕ್ಸ್ ಕೊಟ್ಟಿದ್ದೀರಿ, ಆಗಿಹೋಯಿತು. ಫೋನಿಗೆ ಬರುವ ಓಟಿಪಿ ಮಾತ್ರ ಹೇಳಬೇಡಿ. ನೀವೇ ಹತ್ತಿರದ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಿ, ಸರ್ಟಿಫಿಕೇಟಿಗೂ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡಿಗೂ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಮಗಳ ಹೆಸರಲ್ಲಿ ಅರ್ಜಿ ಆಗಲೇ ಹೋಗಿದೆಯಾ ಎಂದು ನೋಡಿಸಿ. ಹೋಗಿಲ್ಲದಿದ್ದರೆ ಅಲ್ಲೇ ಹಾಕಿಸಿ. ಮಗಳ ಆಧಾರ್, ಫೋಟೋ, ವಿಳಾಸದ ದಾಖಲೆ ಸಾಕು. ಮೊಬೈಲ್ ನಂಬರ್ ನಿಮ್ಮದೋ ನಿಮ್ಮ ಮನೆಯವರದೋ ಆಗಿರಬೇಕು. ಆಸ್ಪತ್ರೆ ಎಂಬ ಜಾಗದಲ್ಲಿ ತುಮಕೂರಿನ ಜಿಲ್ಲಾ ಆಸ್ಪತ್ರೆಯನ್ನು ಆರಿಸಲು ಹೇಳಿ. ಅರ್ಜಿಯ ನೋಂದಣಿ ಸಂಖ್ಯೆ ಮೆಸೇಜಿನಲ್ಲಿ ಬರುತ್ತದೆ, ಅದನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಫಾರ್ಮ್ ತುಂಬುವುದು ಕಷ್ಟ ಎನ್ನಿಸಿದರೆ ಸರ್ಕಾರವೇ ಇಟ್ಟಿರುವ ಜನ ಇದ್ದಾರೆ. ಪಟ್ಟಣದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು, ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ ಎಂಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಎಂ.ಆರ್.ಡಬ್ಲ್ಯೂ ಎಂಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇವರಲ್ಲಿ ಬಹಳ ಮಂದಿ ಸ್ವತಃ ವಿಕಲಚೇತನರು. ಚಿಕ್ಕ ಗೌರವಧನಕ್ಕೆ ದುಡಿಯುವ ಇವರು ಮನೆಬಾಗಿಲಿಗೇ ಬಂದು ಕಾಗದಪತ್ರ ಮಾಡಿಕೊಡುತ್ತಾರೆ. ನಿಮ್ಮ ಬೀದಿಗೆ ಯಾರು ಎಂಬುದನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಗುಬ್ಬಿ, ಕುಣಿಗಲ್ ಕಡೆಯ ಓದುಗರು ತಮ್ಮ ತಾಲ್ಲೂಕು ಪಂಚಾಯಿತಿಯಲ್ಲೇ ವಿಚಾರಿಸಬಹುದು.

ಆಸ್ಪತ್ರೆಯಲ್ಲಿ ಪರೀಕ್ಷೆಯ ದಿನ ಗೊತ್ತಾದ ಮೇಲೆ ನಿಮ್ಮ ನಿಜವಾದ ತಯಾರಿ ಶುರು. ಒಂದು ವಾರ ಮಗಳನ್ನು ಗಮನಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಬರೆಯಲು ಪುರುಸೊತ್ತಿಲ್ಲದಿದ್ದರೆ ದೊಡ್ಡ ಮಗಳು ಬರೆಯಲಿ. ಕೈಯಿಂದ ತಾನೇ ಕಲಸಿ ತಿನ್ನುತ್ತಾಳಾ? ಲೋಟ ಚೆಲ್ಲದೆ ಹಿಡಿಯುತ್ತಾಳಾ? ಚಪ್ಪಲಿ ತಾನೇ ಹಾಕುತ್ತಾಳಾ, ಗುಂಡಿ ಹಾಕಿಕೊಳ್ಳುತ್ತಾಳಾ? ಶೌಚಕ್ಕೆ ಮೊದಲೇ ಸನ್ನೆ ಮಾಡುತ್ತಾಳಾ? ಎದುರುಮನೆಗೆ ಒಬ್ಬಳೇ ಹೋಗಿ ಬರುತ್ತಾಳಾ? ಪಕ್ಕದ ಮಕ್ಕಳ ಜೊತೆ ಆಡುತ್ತಾಳಾ ಅಥವಾ ನೋಡುತ್ತಾ ನಿಲ್ಲುತ್ತಾಳಾ? ಮನಶ್ಶಾಸ್ತ್ರಜ್ಞರು ಕೇಳುವುದು ಹೆಚ್ಚುಕಡಿಮೆ ಇವನ್ನೇ. ಆ ಕೊಠಡಿಯಲ್ಲಿ ತಾಯಂದಿರು ಎರಡು ಬಗೆಯಲ್ಲಿ ಎಡವುವುದನ್ನು ನಾನು ಕಂಡಿದ್ದೇನೆ. ಮರ್ಯಾದೆಗೆ ಅಂಜಿ ಎಲ್ಲಾ ಮಾಡ್ತಾಳೆ ಮೇಡಂ ಎನ್ನುವವರು ಒಂದು ಕಡೆ. ಯಾರೋ ಹೇಳಿಕೊಟ್ಟದ್ದನ್ನು ಕೇಳಿ ಏನೂ ಬರಲ್ಲ ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ನಷ್ಟ ಮಗುವಿಗೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಾನು ಅರ್ಧ ಸಹಾಯ ಮಾಡಿದರೆ ಮಾಡುತ್ತಾಳೆ ಎಂಬುದು ತುಂಬಾ ಬೆಲೆಯುಳ್ಳ ಉತ್ತರ.

ಆ ದಿನ ನಿಮ್ಮ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಬೆಳಗಿನ ಜಾವ ನೀವು ಮಾರ್ಕೆಟ್‌ಗೆ ಹೊರಟ ಮೇಲೆ ಆ ಮಗುವನ್ನು ಎಬ್ಬಿಸಿ, ಮುಖ ತೊಳೆಸಿ, ತಿನ್ನಿಸಿ ಶಾಲೆಗೆ ಕಳಿಸುವವರು ಅವರೇ ಇರಬೇಕು ಎಂದುಕೊಂಡಿದ್ದೇನೆ. ಹಾಗಿದ್ದರೆ ಕೇಳುವ ಅರ್ಧ ಪ್ರಶ್ನೆಗಳಿಗೆ ನಿಮಗಿಂತ ಚೆನ್ನಾಗಿ ಉತ್ತರ ಗೊತ್ತಿರುವುದು ಅವರಿಗೆ. ಮಗುವಿಗೆ ಹೊಟ್ಟೆ ತುಂಬಾ ತಿನ್ನಿಸಿ, ಚೆನ್ನಾಗಿ ನಿದ್ದೆ ಆದ ಮೇಲೆ ಕರೆದೊಯ್ಯಿರಿ. ಸಾಲಿನಲ್ಲಿ ಕಾದು ಸುಸ್ತಾದ ಮಗು ತನಗೆ ಬರುವುದನ್ನೂ ಮಾಡುವುದಿಲ್ಲ.

ಅತ್ತೆಯವರ ಭಯವನ್ನು ತಳ್ಳಿಹಾಕುವುದಕ್ಕೆ ನನಗೆ ಮನಸ್ಸಿಲ್ಲ. ಹೆಣ್ಣುಮಕ್ಕಳ ಮದುವೆಯ ಮಾತು ಬಂದಾಗ ನಮ್ಮ ಕಡೆ ಜನ ಏನೆಲ್ಲ ಕೆದಕುತ್ತಾರೆಂದು ಅವರು ನೋಡಿದ್ದಾರೆ. ಆದರೆ ಯುಡಿಐಡಿ ಕಾರ್ಡು ಮನೆಯ ಪೆಟ್ಟಿಗೆಯಲ್ಲಿರುವ ಕಾಗದ. ನೀವಾಗಿ ತೋರಿಸಿದರಷ್ಟೇ ಇನ್ನೊಬ್ಬರು ನೋಡುತ್ತಾರೆ, ಬೀದಿಯಲ್ಲಿ ಯಾರೂ ಡಂಗುರ ಹೊಡೆಯುವುದಿಲ್ಲ. ಮಗು ಹೇಗಿದೆ ಎಂಬುದು ನಿಮ್ಮ ಬೀದಿಗೆ ಏಳು ವರ್ಷದಿಂದ ಗೊತ್ತು. ಕಾರ್ಡು ಇಲ್ಲದಿದ್ದರೆ ಮಗು ಹಾಗೆಯೇ ಇರುತ್ತದೆ, ಅದಕ್ಕೆ ಬರಬೇಕಾದದ್ದು ಮಾತ್ರ ಬರುವುದಿಲ್ಲ.

ದೊಡ್ಡವಳ ವಿಷಯದಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಬೇರೆ ಇದೆ. ಅತ್ತೆಯವರು ನಿಮಗೆ ಸ್ವಂತ ಸೋದರತ್ತೆ ಎಂದಿರಿ. ಹಾಗಾದರೆ ನಿಮ್ಮದು ಸೋದರತ್ತೆ ಮಗನ ಜೊತೆಗಿನ ಮದುವೆ. ಇದನ್ನು ವೈದ್ಯರಿಗೆ ಮರೆಯದೆ ಹೇಳಿ. ರಕ್ತಸಂಬಂಧದಲ್ಲಿ ಮದುವೆಯಾದಾಗ ಗಂಡಹೆಂಡತಿ ಇಬ್ಬರಲ್ಲೂ ಒಂದೇ ದೋಷದ ವಂಶವಾಹಿ ಅಡಗಿರುವ ಸಾಧ್ಯತೆ ಹೆಚ್ಚು. ಎರಡೂ ಒಂದೇ ಮಗುವಿನಲ್ಲಿ ಸೇರಿದರೆ ಬೆಳವಣಿಗೆಯ ಕೆಲವು ತೊಂದರೆಗಳು ಬರುತ್ತವೆ. ನಿಮ್ಮ ಮಗಳಿಗೆ ಕಾರಣ ಅದೇ ಎಂದು ನಾನು ಹೇಳುತ್ತಿಲ್ಲ, ತಡವಾಗಿ ಅತ್ತದ್ದೇ ಕಾರಣವಿರಬಹುದು. ಅದಾದರೆ ಅಕ್ಕನ ಮಕ್ಕಳಿಗೆ ಅದು ಇಳಿದು ಬರುವಂಥದ್ದಲ್ಲ. ಯಾವುದೆಂದು ತಿಳಿಯದೆ ದೊಡ್ಡವಳನ್ನು ಮತ್ತೆ ಸಂಬಂಧದೊಳಗೇ ಕೊಡುವ ಮಾತು ಮನೆಯಲ್ಲಿ ಏಳದಿರಲಿ. ಜಿಲ್ಲಾ ಆಸ್ಪತ್ರೆಯವರು ವಂಶವಾಹಿ ಪರೀಕ್ಷೆ ಬೇಕು ಎಂದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ನಿಮ್ಹಾನ್ಸ್‌ಗೋ ಕಳಿಸಬಹುದು. ಹೋಗಿ ಬನ್ನಿ. ಇದರಲ್ಲಿ ಯಾರ ತಪ್ಪೂ ಇಲ್ಲ. ಸೊಸೆಯಾಗಿ ನಿಮ್ಮದೂ ಅಲ್ಲ, ಸಂಬಂಧ ಬೆಸೆದ ಹಿರಿಯರದ್ದೂ ಅಲ್ಲ. ಇದನ್ನು ಅತ್ತೆಯವರಿಗೆ ವೈದ್ಯರ ಬಾಯಿಂದ ಕೇಳಿಸಿ. ಕೆಲವು ಸಲ ಹಿರಿಯರು ಸುಮ್ಮನಿರಿ ಎನ್ನುವುದು, ತಪ್ಪು ತಮ್ಮದಾಗಿ ಬಿಟ್ಟೀತು ಎಂಬ ಒಳಗಿನ ಅಳುಕಿಗೆ.

ದೊಡ್ಡವಳಾದರೆ ಮಾತು ಬರುತ್ತದೆ ಎಂಬುದರ ಬಗ್ಗೆಯೂ ಒಂದು ಮಾತು. ಮಾತು ಬರಬಹುದು. ಕಾಯುವುದರಿಂದ ಬರುವುದಿಲ್ಲ, ಕಲಿಸಿದರೆ ಬರುತ್ತದೆ. ಬುದ್ಧಿ ಬೆಳೆಸುವ ಟಾನಿಕ್, ನಾಲಿಗೆಗೆ ಹಚ್ಚುವ ಔಷಧಿ ಎಂದು ಯಾರಾದರೂ ಕೊಟ್ಟರೆ ದುಡ್ಡು ಹಾಕಬೇಡಿ. ಇಂಥ ಹಿನ್ನಡೆಯನ್ನು ಅಳಿಸಿಹಾಕುವ ಔಷಧಿ ಎಲ್ಲೂ ಇಲ್ಲ. ಮನೆಯಲ್ಲಿ ಇವತ್ತೇ ಶುರು ಮಾಡಬಹುದಾದದ್ದು ಇದೆ. ಒಂದು ಕೆಲಸವನ್ನು ಆರಿಸಿ ಅದನ್ನು ತುಂಡು ತುಂಡು ಮಾಡಿ. ನೀವು ಸೊಪ್ಪು ಕಟ್ಟು ಕಟ್ಟುತ್ತೀರಿ. ದಂಟಿನ ಸೊಪ್ಪು ಒಂದು ಕಡೆ, ಕೊತ್ತಂಬರಿ ಒಂದು ಕಡೆ ಇಡುವುದನ್ನು ಮಾತ್ರ ಮೊದಲು ಕಲಿಸಿ. ಕೈ ಹಿಡಿದು ಮಾಡಿಸಿ, ಆಮೇಲೆ ಕೈ ಬಿಟ್ಟು ತೋರಿಸಿ, ಆಮೇಲೆ ಬಾಯಲ್ಲಿ ಹೇಳಿ. ಪ್ರತಿ ಸಲ ಸೊಪ್ಪಿನ ಹೆಸರು ಹೇಳಿ. ಅದು ಬಂದ ಮೇಲೆ ಬೇರೆಲ್ಲ ಒಂದೇ ಕಡೆ ಬರುವಂತೆ ಜೋಡಿಸುವುದು, ಆಮೇಲೆ ಎಣಿಸುವುದು. ಶೌಚಕ್ಕೆ ಗಂಟೆ ನೋಡಿ ಕೂರಿಸಿ: ಎದ್ದ ಕೂಡಲೇ, ಊಟವಾದ ಮೇಲೆ, ಶಾಲೆಗೆ ಹೊರಡುವ ಮುಂಚೆ. ಒಣ ಚಡ್ಡಿ ಇದ್ದ ದಿನ ಹೊಗಳಿ, ಒದ್ದೆಯಾದ ದಿನ ಬೈಯದೆ ಬದಲಿಸಿ. ಇಂಥ ಕಲಿಕೆಗೆಂದೇ ಮಾಡಿದ ಆಟದ ಸಾಮಾನಿನ ಪೆಟ್ಟಿಗೆಯೊಂದನ್ನು ಕೇಂದ್ರದ ಎಡಿಐಪಿ ಯೋಜನೆಯ ಶಿಬಿರಗಳಲ್ಲಿ ಬೌದ್ಧಿಕ ವಿಕಲತೆಯ ಮಕ್ಕಳಿಗೆ ಕೊಡುತ್ತಾರೆ. ಶಿಬಿರ ಯಾವಾಗ ಎಂದು ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಕೇಳಿಟ್ಟುಕೊಳ್ಳಿ.

ಶಾಲೆ ಬಿಡಿಸಬೇಡಿ. ಆರರಿಂದ ಹದಿನೆಂಟು ವರ್ಷದವರೆಗೆ, ಶೇ 40ರ ಮೇಲಿನ ವಿಕಲತೆಯ ಮಗುವಿಗೆ ಹತ್ತಿರದ ಶಾಲೆಯಲ್ಲೋ ತಾನು ಆರಿಸಿದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವ ಹಕ್ಕಿದೆ. ಟೀಚರ್ ಒಳ್ಳೆಯವರು ಎಂದಿರಲ್ಲ, ಅದು ಅರ್ಧ ಬಲ. ಉಳಿದರ್ಧಕ್ಕೆ, ಬಿ.ಇ.ಒ ಕಚೇರಿಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಬಿ.ಐ.ಇ.ಆರ್.ಟಿ ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಮಗಳ ಹೆಸರನ್ನು ಅವರ ಪಟ್ಟಿಗೆ ಸೇರಿಸಲು ಟೀಚರ್ ಕೈಯಲ್ಲಿ ಬರೆಸಿ. ಏಳು ವರ್ಷದ ಮಗುವಿಗೆ ಏಳು ವರ್ಷದವರ ಪಾಠ ಬಾರದಿದ್ದರೂ ಅವಳಿಗೆ ತಕ್ಕ ಪಾಠ ಮಾಡುವುದು ಹೇಗೆಂದು ತೋರಿಸಿಕೊಡುವುದು ಅವರ ಕೆಲಸ. ಮುಂದೆ ವಿಶೇಷ ಶಾಲೆಯೇ ಬೇಕು ಎನ್ನಿಸಿದರೆ, ಸರ್ಕಾರದ ಶಿಶು ಕೇಂದ್ರಿತ ಸಹಾಯಧನ ಪಡೆಯುವ ಸ್ವಯಂಸೇವಾ ಸಂಸ್ಥೆಗಳ ಶಾಲೆಗಳ ಪಟ್ಟಿಯೂ ಕಲ್ಯಾಣಾಧಿಕಾರಿಗಳ ಬಳಿ ಸಿಗುತ್ತದೆ.

ಇನ್ನು ದುಡ್ಡಿನ ವಿಷಯ, ನೇರವಾಗಿ ಹೇಳುತ್ತೇನೆ. ಪೆನ್ಷನ್ ಬಹುಶಃ ನಿಮಗೆ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ಶೇ 40 ಮೀರಿದವರಿಗೆ ತಿಂಗಳಿಗೆ 800 ರೂಪಾಯಿ, ಶೇ 75 ಮೀರಿದವರಿಗೆ 1,400 ರೂಪಾಯಿ, ಬೌದ್ಧಿಕ ವಿಕಲತೆ ತೀವ್ರವಾಗಿದ್ದರೆ ಇನ್ನೂ ತುಸು ಹೆಚ್ಚು ಮಾಸಾಶನ ಇದೆ. ಅರ್ಜಿ ಹಾಕುವುದು ನಾಡಕಚೇರಿಯಲ್ಲಿ. ಆದರೆ ಕುಟುಂಬದ ವರ್ಷದ ಆದಾಯ 32 ಸಾವಿರ ರೂಪಾಯಿ ಮೀರಬಾರದು ಎಂಬ ಷರತ್ತಿದೆ. ಫ್ಯಾಕ್ಟರಿಯ ಸಂಬಳವೊಂದೇ ಅದನ್ನು ದಾಟುತ್ತದೆ. ಇಷ್ಟು ಕಡಿಮೆ ಮಿತಿ ಇಟ್ಟಿರುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಂಥ ಮಗುವಿರುವ ಮನೆಯಲ್ಲಿ ಖರ್ಚು ಹೆಚ್ಚು. ನೋಡಿಕೊಳ್ಳಲೆಂದು ಒಬ್ಬರ ದುಡಿಮೆಯೂ ಅರ್ಧಕ್ಕೆ ನಿಲ್ಲುತ್ತದೆ. ಆದರೂ ಷರತ್ತು ಇರುವವರೆಗೆ ಸುಳ್ಳು ಆದಾಯ ಪತ್ರ ಮಾಡಿಸಿಕೊಡುತ್ತೇನೆ ಎಂಬವರನ್ನು ನಂಬಬೇಡಿ.

ಪೆನ್ಷನ್ ಇಲ್ಲದಿದ್ದರೆ ಸರ್ಟಿಫಿಕೇಟ್ ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಆದಾಯದ ಮಿತಿಯಿಲ್ಲದೆ ಸಿಗುವುದು ಎಷ್ಟೋ ಇದೆ. ಮೊದಲನೆಯದು ನಿರಾಮಯ ಆರೋಗ್ಯ ವಿಮೆ. ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವಿಕಲತೆ ಇರುವವರಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ನಡೆಯುವ ವಿಮೆ ಇದು. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಖರ್ಚು ಹಿಂದಿರುಗಿಸುತ್ತದೆ. ಆಸ್ಪತ್ರೆಯಲ್ಲಿ ಮಲಗಿದಾಗ ಮಾತ್ರವಲ್ಲ, ಹೊರರೋಗಿಯಾಗಿ ತೋರಿಸಿದ್ದಕ್ಕೂ ಮಾತಿನ ತರಬೇತಿಯಂಥ ಥೆರಪಿಗೂ ಅದರಲ್ಲಿ ಪಾಲಿದೆ. ಬೇರೆ ವಿಮೆಗಳ ಹಾಗೆ ಮೊದಲೇ ಇರುವ ಕಾಯಿಲೆ ಎಂದು ತಳ್ಳುವುದಿಲ್ಲ. ಶುಲ್ಕ ಕಡಿಮೆ, ಬಿಪಿಎಲ್ ಕಾರ್ಡ್ ಇದ್ದರೆ ಇನ್ನೂ ಕಡಿಮೆ. ಪ್ರತಿ ವರ್ಷ ನವೀಕರಿಸಬೇಕು. ಬಿಲ್ಲುಗಳನ್ನೆಲ್ಲ ಎತ್ತಿಡಿ, ಬಿಲ್ಲಿಲ್ಲದೆ ಒಂದು ರೂಪಾಯಿಯೂ ಬಾರದು.

ಬಸ್ಸಿಗೆ ನಿಮಗೆ ಈಗ ತೊಂದರೆಯಿಲ್ಲ. ಶಕ್ತಿ ಯೋಜನೆಯಲ್ಲಿ ನೀವೂ ಮಗಳೂ ಸಾಮಾನ್ಯ ಬಸ್ಸಿನಲ್ಲಿ ಬೆಂಗಳೂರಿನವರೆಗೂ ಉಚಿತವಾಗಿಯೇ ಹೋಗಿಬರಬಹುದು. ಗಂಡುಮಕ್ಕಳ ತಾಯಂದಿರಿಗಾಗಿ ಹೇಳುತ್ತೇನೆ: ವರ್ಷಕ್ಕೆ 660 ರೂಪಾಯಿಗೆ, ಮನೆಯಿಂದ ನೂರು ಕಿಲೋಮೀಟರಿನೊಳಗೆ ಓಡಾಡಲು ಕೆ.ಎಸ್.ಆರ್.ಟಿ.ಸಿ ಪಾಸ್ ಇದೆ. ತುಮಕೂರಿನವರಿಗೆ ಬೆಂಗಳೂರಿನ ಆಸ್ಪತ್ರೆಗಳು ಈ ಅಳತೆಯೊಳಗೇ ಬರುತ್ತವೆ. ರೈಲಿನಲ್ಲಿ ಬೌದ್ಧಿಕ ವಿಕಲತೆಯವರಿಗೂ ಜೊತೆಗೆ ಹೋಗುವ ಒಬ್ಬರಿಗೂ ಸೆಕೆಂಡ್ ಕ್ಲಾಸ್, ಸ್ಲೀಪರ್‌ನಲ್ಲಿ ಮುಕ್ಕಾಲು ಪಾಲು ರಿಯಾಯಿತಿ ಉಂಟು.

ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು: ಪಾಲಿಕೆಯೂ ಪಂಚಾಯಿತಿಯೂ ತಮ್ಮ ಸ್ವಂತ ಆದಾಯದಲ್ಲಿ ಶೇ 5ನ್ನು ವಿಕಲಚೇತನರಿಗೆಂದೇ ಎತ್ತಿಡಬೇಕು. ಚಿಕಿತ್ಸೆಗೋ ಸಾಧನಕ್ಕೋ ನೆರವು ಬೇಕಾದಾಗ ಪಾಲಿಕೆಗೆ ಅರ್ಜಿ ಕೊಡಬಹುದು. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಸರ್ಕಾರಿ ಕೆಲಸದಲ್ಲಿ ಮೀಸಲಾತಿ, ಎಲ್ಲಕ್ಕೂ ಬೇಕಾಗುವುದು ಇದೇ ಒಂದು ಕಾರ್ಡು. ಶೇ 40ರಿಂದ 79ರವರೆಗೆ ಅದು ಹಳದಿ ಬಣ್ಣದ್ದು, 80 ಮುಟ್ಟಿದರೆ ನೀಲಿ, 40ಕ್ಕಿಂತ ಕಡಿಮೆಯಾದರೆ ಬಿಳಿ. ಚಿಕ್ಕ ಮಕ್ಕಳಿಗೆ ಕೊಡುವ ಪತ್ರವನ್ನು ಸಾಮಾನ್ಯವಾಗಿ ಹತ್ತನೇ ವಯಸ್ಸಿಗೆ ಮತ್ತು ಹದಿನೆಂಟಕ್ಕೆ ಮರುಪರೀಕ್ಷೆ ಮಾಡಿ ಹೊಸದು ಕೊಡುತ್ತಾರೆ. ಅದರಲ್ಲಿ ಬರೆದ ದಿನಾಂಕ ನೋಡಿಟ್ಟುಕೊಳ್ಳಿ.

ಅರ್ಜಿಗೆ ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು ಎಂದು 2024ರ ಅಕ್ಟೋಬರ್‌ನಲ್ಲಿ ತಿದ್ದಿದ ನಿಯಮ ಹೇಳುತ್ತದೆ. ತಡವಾದರೆ ಸುಮ್ಮನೆ ಕಾಯಬೇಡಿ. ಎರಡು ವರ್ಷ ನಿಂತುಹೋದ ಅರ್ಜಿ ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ ಹಾಕಬೇಕಾಗುತ್ತದೆ. ನೋಂದಣಿ ಸಂಖ್ಯೆ ಹಿಡಿದು ಕಲ್ಯಾಣಾಧಿಕಾರಿಗಳನ್ನು ಕಾಣಿ. ಕೊಟ್ಟ ಶೇಕಡಾ ಸರಿಯಿಲ್ಲ ಎನ್ನಿಸಿದರೆ 59ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ. ಹಕ್ಕನ್ನೇ ತಡೆದರೆ ಬೆಂಗಳೂರಿನಲ್ಲಿ ರಾಜ್ಯ ವಿಕಲಚೇತನರ ಆಯುಕ್ತರಿಗೆ ಕನ್ನಡದಲ್ಲಿ ಒಂದು ಕಾಗದ ಬರೆದರೂ ದೂರಾಗುತ್ತದೆ.

ನಿಮ್ಮ ಬಗ್ಗೆ ನೀವು ಒಂದೇ ಮಾತು ಬರೆದಿದ್ದೀರಿ, ಏನೂ ತೋಚುತ್ತಿಲ್ಲ ಎಂದು. ನಸುಕಿಗೆ ಎದ್ದು, ಬೀದಿ ಸುತ್ತಿ, ಮನೆಗೆ ಬಂದು ಮತ್ತೆ ಮಗುವಿನ ಹಿಂದೆ ಓಡುವವರಿಗೆ ತೋಚದಿರುವುದು ಸಹಜ. ರಾತ್ರಿ ನಿದ್ದೆ ಬಾರದೆ, ಬದುಕೇ ಬೇಡ ಎನ್ನಿಸುವಂತಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಎಂಬ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ಮನೆಯವರಿಗೂ ಎರಡು ಕೆಲಸ ಇದೆ. ಫ್ಯಾಕ್ಟರಿ ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಿದ್ದರೆ, ಅವರ ಕಾರ್ಡಿನಲ್ಲಿ ಚಿಕ್ಕ ಮಗಳ ಹೆಸರು ಸೇರಿದೆಯಾ ನೋಡಲಿ. ಬೇರೆ ಮಕ್ಕಳಿಗೆ ವಯಸ್ಸಿನ ಮಿತಿ ಇದೆ. ತಂದೆಯ ದುಡಿಮೆಯ ಮೇಲೇ ಬದುಕುವ ಇಂಥ ಮಗುವಿಗೆ, ವಿಕಲತೆ ಇರುವಷ್ಟು ಕಾಲವೂ, ತಂದೆ ಇಎಸ್‌ಐನಲ್ಲಿ ಇರುವಷ್ಟು ಕಾಲವೂ ಚಿಕಿತ್ಸೆ ಸಿಗುತ್ತದೆ ಎಂದು ಆ ಕಾನೂನಿನಲ್ಲೇ ಇದೆ. ಪಿಎಫ್ ಇದ್ದರೆ ಅದರ ಜೊತೆಗಿನ 1995ರ ಪಿಂಚಣಿ ಯೋಜನೆಯಲ್ಲೂ ಮಗಳ ವಿವರ ಸರಿಯಾಗಿರಬೇಕು. ಪೂರ್ಣ ಹಾಗೂ ಶಾಶ್ವತ ವಿಕಲತೆ ಇರುವ ಮಗುವಿಗೆ ತಂದೆಯ ಕಾಲಾನಂತರ ವಯಸ್ಸಿನ ಮಿತಿಯಿಲ್ಲದೆ ಪಿಂಚಣಿ ಕೊಡುವ ನಿಯಮ ಅದರಲ್ಲಿದೆ. ನಿಮ್ಮ ಮಗಳು ಆ ಮಟ್ಟಕ್ಕೆ ಬರುತ್ತಾಳೋ ಇಲ್ಲವೋ ಪರೀಕ್ಷೆಯಾದ ಮೇಲೆ ತಿಳಿಯುತ್ತದೆ, ಹೆಸರು ಮಾತ್ರ ಇರಲಿ. ಹದಿನೆಂಟು ತುಂಬಿದ ಮೇಲೆ ತಂದೆತಾಯಿಯೂ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಅಗತ್ಯವಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಪೋಷಕತ್ವ ಪಡೆಯಬೇಕು. ಅದಕ್ಕೆ ಇನ್ನೂ ಹನ್ನೊಂದು ವರ್ಷವಿದೆ. ಇಎಸ್‌ಐ, ಪಿಎಫ್ ಎರಡನ್ನೂ ಅವರು ಈ ತಿಂಗಳ ಸಂಬಳದ ದಿನವೇ ಕಂಪನಿಯ ಆಫೀಸಿನಲ್ಲಿ ಕೇಳಿ ಬರಲಿ.